ಎಚ್‌ಆರ್ ಓದುವ ಮೊದಲು ಒಂದು ಸಂಬಳ ಚೀಟಿ ಓದಿ

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಈ ಸಲ ಮೊದಲ ಕರೆ ಮಂಡಗದ್ದೆ ಕಡೆಯಿಂದ. "ಮೇಡಂ, ಮಗಳು ಎಚ್‌ಆರ್ ಓದ್ತೀನಿ ಅಂತಿದಾಳೆ. ಅದು ಎಸಿ ರೂಮಲ್ಲಿ ಕೂತು ಮಾತಾಡೋ ಕೆಲಸ ಅಲ್ವಾ?" ಎಚ್‌ಆರ್ ಅಂದರೆ ಮಾನವ ಸಂಪನ್ಮೂಲ, ಕಂಪನಿಯಲ್ಲಿ ಕೆಲಸಗಾರರ ನೇಮಕ, ಸಂಬಳ, ಹಾಜರಿ ನೋಡಿಕೊಳ್ಳುವ ವಿಭಾಗ. ಕೇಳಿದವರು ಅಡಿಕೆ ತೋಟದವರು. ಅವರಿಗೆ ಗೊತ್ತಿಲ್ಲದಿದ್ದರೆ ತಪ್ಪೇನಿಲ್ಲ. ಪದವಿ ಮುಗಿಸಿ ನನ್ನ ಹತ್ತಿರ ಕೆಲಸಕ್ಕೆ ಬರುವ ಎಷ್ಟೋ ಮಕ್ಕಳೂ ಹಾಗೇ ಅಂದುಕೊಂಡಿರುತ್ತಾರೆ.

ಶಿವಮೊಗ್ಗದ ಸುತ್ತಮುತ್ತ 18 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಫೌಂಡ್ರಿ, ಈಗ ಗಾರ್ಮೆಂಟ್ಸ್. ಮಾತು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ಇರುವುದು ಲೆಕ್ಕ.

ನಮ್ಮ ಕಡೆ ಪದವಿಯಲ್ಲಿ ಎಚ್‌ಆರ್ ಓದುವುದು ಅಂದರೆ ಹೆಚ್ಚಾಗಿ ಬಿಬಿಎ ಸೇರಿ, ಕೊನೆಯ ವರ್ಷ ಎಚ್‌ಆರ್ ಪತ್ರಿಕೆಗಳನ್ನು ಆರಿಸಿಕೊಳ್ಳುವುದು. ಉಳಿದದ್ದು ಅಕೌಂಟ್ಸ್, ಮಾರ್ಕೆಟಿಂಗ್, ಅರ್ಥಶಾಸ್ತ್ರ. "ಅಕೌಂಟ್ಸ್ ಯಾಕೆ ಓದ್ಬೇಕು?" ಅಂತ ಮೂಗು ಮುರಿಯುವವರನ್ನು ನೋಡಿದ್ದೇನೆ. ಸಂಬಳದ ದಿನ ಒದ್ದಾಡುವವರೂ ಅವರೇ.

ಕಳೆದ ವರ್ಷ ಇಂಟರ್ನ್‌ಶಿಪ್‌ಗೆ ಒಬ್ಬ ಹುಡುಗಿ ಬಂದಿದ್ದಳು. ಒಳ್ಳೆಯ ಅಂಕ, ಚುರುಕು. ಎರಡನೇ ದಿನವೇ ಹೊಲಿಗೆ ಲೈನಿನ ಹೆಂಗಸೊಬ್ಬರು ಸಂಬಳ ಚೀಟಿ ಹಿಡಿದುಕೊಂಡು ಬಂದರು. ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000. ಕೈಗೆ ಬಂದದ್ದು 12,215. "ಇದ್ಯಾಕೆ ಕಟ್ ಆಗಿದೆ ಮೇಡಂ?" ಹುಡುಗಿ "ಸ್ಟ್ಯಾಚುಟರಿ ಡಿಡಕ್ಷನ್" ಅಂದಳು, ಅಂದರೆ ಕಾನೂನಿನ ಪ್ರಕಾರ ಹಿಡಿಯುವ ದುಡ್ಡು. ಅವರು ತಲೆ ಆಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅದು ನಂಗೆ ವಾಪಸ್ ಬರತ್ತಾ?"

ಹುಡುಗಿ ನನ್ನ ಮುಖ ನೋಡಿದಳು.

ಕಟ್ ಆದದ್ದು 1,785. ಅದರಲ್ಲಿ 1,680 ಪಿಎಫ್ (ಭವಿಷ್ಯ ನಿಧಿ, ಅವರದೇ ಉಳಿತಾಯ), ಅಂದರೆ 12%. 105 ರೂಪಾಯಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ), ಅಂದರೆ 0.75%. ಕಂಪನಿ ತನ್ನ ಕಡೆಯಿಂದ ಇನ್ನೊಂದು 1,680 ಹಾಕುತ್ತದೆ. ಆದರೆ ಅದರಲ್ಲಿ 1,166 ಪಿಂಚಣಿ ಖಾತೆಗೆ ಹೋಗುತ್ತದೆ, ಬರೀ 514 ಪಿಎಫ್‌ಗೆ. "ಕಂಪನಿಯೂ ಅಷ್ಟೇ ಹಾಕುತ್ತೆ ಅಂದ್ರಿ, ಪಾಸ್‌ಬುಕ್ಕಲ್ಲಿ ಕಾಣ್ತಾ ಇಲ್ಲ" ಅನ್ನುವ ಜಗಳ ಹುಟ್ಟುವುದು ಇಲ್ಲೇ. ಇಎಸ್‌ಐ ಬೇರೆ. ಕಂಪನಿ 3.25% ಕಟ್ಟುತ್ತದೆ, ಆದರೆ ಅದು ಉಳಿತಾಯ ಅಲ್ಲ, ವಿಮೆ. ಕಾಯಿಲೆ ಬಿದ್ದರೆ, ಹೆರಿಗೆ ಆದರೆ ಉಪಯೋಗ. ಇಲ್ಲದಿದ್ದರೆ ವಾಪಸ್ ಇಲ್ಲ. ಇಷ್ಟನ್ನು ಒಂದೂ ಇಂಗ್ಲಿಷ್ ಪಾರಿಭಾಷಿಕ ಪದ ಇಲ್ಲದೆ ಹೇಳಲು ಬಂದರೆ, ನನ್ನ ಪ್ರಕಾರ ಅರ್ಧ ಎಚ್‌ಆರ್ ಬಂದ ಹಾಗೆ.

ಗ್ರಾಚ್ಯುಟಿ ಇನ್ನೊಂದು, ಅಂದರೆ ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ದುಡಿದಿದ್ದಾರೋ ಅಷ್ಟರಿಂದ ಗುಣಿಸಬೇಕು. 26 ಯಾಕೆ ಅಂತ ಸಂದರ್ಶನದಲ್ಲಿ ಕೇಳುತ್ತೇನೆ. ಭಾನುವಾರ ನಾಲ್ಕು ಕಳೆಯಿತಲ್ಲ, ಅದಕ್ಕೆ. ಸೂತ್ರ ಬಾಯಿಪಾಠ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. 14,000 ವೇತನದಲ್ಲಿ ಆರು ವರ್ಷ ದುಡಿದವರಿಗೆ 48,461 ರೂಪಾಯಿ. ಐದು ವರ್ಷ ತುಂಬಬೇಕು ಅನ್ನುವುದು ಗೊತ್ತಿಲ್ಲದೆ, ನಾಲ್ಕು ಮುಗಿಸಿ ಮದುವೆಗೆ ಅಂತ ಬಿಟ್ಟು ಹೋದ ಹುಡುಗಿಯರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೇಳಬೇಕಾಗಿದ್ದವರು ನಾವೇ.

ಹಳೆಯ ನೋಟ್ಸ್ ನಂಬಿ ಓದುವವರು ಹುಷಾರು. 2025ರ ನವೆಂಬರ್ 21ರಿಂದ 29 ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದನ್ನು ವೇತನಕ್ಕೇ ಸೇರಿಸಬೇಕು. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಜನ ಇದ್ದರೆ ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುವ ಕ್ಷೇಮಾಧಿಕಾರಿ ಬೇಕಿತ್ತು, ಈಗ 250ಕ್ಕೇ ಬೇಕು. ಹಾಗಂತ ಬಿಬಿಎ ಆದ ತಕ್ಷಣ ಆ ಕುರ್ಚಿ ಸಿಗುತ್ತೆ ಅಂದುಕೊಳ್ಳಬೇಡಿ. ಆ ಹುದ್ದೆಗೆ ಯಾವ ಓದು ಬೇಕು ಅನ್ನುವುದಕ್ಕೆ ಸರ್ಕಾರದ ನಿಯಮ ಇದೆ. ಅದರ ಮೇಲೆ ಕಣ್ಣಿದ್ದರೆ ಪದವಿಯಾದ ಮೇಲೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಯೋಚನೆ ಮಾಡಿ.

ಪಠ್ಯದಲ್ಲಿ ಇಲ್ಲದ್ದೂ ಒಂದಿದೆ. ಗೈರುಹಾಜರಿಗೆ ಪುಸ್ತಕ ಹತ್ತು ಕಾರಣ ಕೊಡುತ್ತದೆ. ನಮ್ಮ ಮಲೆನಾಡಲ್ಲಿ ಕ್ಯಾಲೆಂಡರ್ ನೋಡಿದರೆ ಸಾಕು. ಜುಲೈಯಲ್ಲಿ ನಾಟಿ. ದೀಪಾವಳಿ ಕಳೆದ ಮೇಲೆ ಕೊನೆ ಕೊಯ್ಲು (ಅಡಿಕೆ ಗೊನೆ ಇಳಿಸುವುದು), ರಾತ್ರಿಯೆಲ್ಲಾ ಅಡಿಕೆ ಸುಲಿತ. ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಜಾತ್ರೆ, ಆಗ ಆ ಕಡೆಯಿಂದ ಬರುವ ನಮ್ಮ ಕಂಪನಿ ಬಸ್ಸು ಅರ್ಧ ಖಾಲಿ. ಮೆಮೊ ಕೊಟ್ಟು ಪ್ರಯೋಜನ ಇಲ್ಲ. ಆರ್ಡರ್ ತಗೊಳ್ಳುವಾಗಲೇ ಪ್ರೊಡಕ್ಷನ್‌ನವರ ಕಿವಿಗೆ ಹಾಕಿಡಬೇಕು.

ಆ ಇಂಟರ್ನ್ ಹುಡುಗಿ ಮಾರನೇ ದಿನ ತಾನಾಗಿ ಲೈನಿಗೆ ಹೋದಳು. ಅದೇ ಹೆಂಗಸಿನ ಪಿಎಫ್ ಖಾತೆ ತೆಗೆಸಿ ನೋಡಿದಳು. ಆಧಾರ್‌ನಲ್ಲಿ ಹೆಸರಿನ ಕೊನೆಗೆ 'ಅಮ್ಮ' ಇದೆ, ಪಿಎಫ್‌ನಲ್ಲಿ ಇಲ್ಲ. ಹೀಗೇ ಬಿಟ್ಟಿದ್ದರೆ ದುಡ್ಡು ತೆಗೆಯುವ ದಿನ ಅರ್ಜಿ ವಾಪಸ್ ಬರುತ್ತಿತ್ತು. ಆ ಲೈನಿನಲ್ಲೇ ಇಂಥವು ಇನ್ನೂ ಹನ್ನೊಂದು ಸಿಕ್ಕವು. ಸರಿ ಮಾಡಿಸಲು ಅವಳ ಇಂಟರ್ನ್‌ಶಿಪ್ ಪೂರ್ತಿ ಹೋಯಿತು. ಕಾಲೇಜಿಗೆ ಕೊಟ್ಟ ವರದಿಯಲ್ಲಿ ಮಾತ್ರ 'ಉದ್ಯೋಗಿಗಳ ಪ್ರೇರಣೆ' ಅಂತೇನೋ ಬರೆದಿದ್ದಳು. ಮಾರ್ಗದರ್ಶಕರಿಗೆ ಅದೇ ಬೇಕಿತ್ತಂತೆ.

ಮಂಡಗದ್ದೆಯವರಿಗೆ ಇದನ್ನೆಲ್ಲ ಹೇಳಿ, "ಸೇರಿಸಿ, ಆದ್ರೆ ಎಕ್ಸೆಲ್ ಕಲಿಸಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲ ಮೇಡಂ, ನಮ್ಮಲ್ಲಿ ಕೊನೆ ಕೊಯ್ಲಿಗೆ ಆಳೇ ಬರಲ್ಲ ಅಂತಾರೆ. ಅದಕ್ಕೇನಾದ್ರೂ ಇದ್ರಲ್ಲಿ ಹೇಳಿಕೊಡ್ತಾರಾ?" ಅಂದರು.

ಅವರೂರಿಂದ ದಿನಾ ಬೆಳಿಗ್ಗೆ ನಮ್ಮ ಕಂಪನಿ ಬಸ್ಸು ತುಂಬಿಕೊಂಡು ಬರುತ್ತದೆ ಅಂತ ನಾನು ಬಾಯಿ ಬಿಡಲಿಲ್ಲ.