ಮೋಡದ ಕಣಕ್ಕೆ ಮೂಲೆ ಇದೆಯಾ, ಇಲ್ವಾ?

ಒಳ್ಳೆ ಜೂಮ್ ಇರುವ ಕ್ಯಾಮೆರಾ ಹಾಕಿದರೆ ಉಪಗ್ರಹದಿಂದ ಮೋಡದೊಳಗಿನ ಹನಿಯನ್ನೂ ನೋಡಬಹುದು ಅಂತ ತುಂಬ ಜನ ನಂಬಿದ್ದಾರೆ. ಅದು ಆಗುವ ಮಾತಲ್ಲ. ಮೋಡದ ಒಂದು ಹನಿ ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ನಮ್ಮ ಇನ್ಸಾಟ್-3ಡಿ ಸರಣಿಯ ಹವಾಮಾನ ಉಪಗ್ರಹಗಳು ತೆಗೆಯುವ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಯಾವ ಲೆನ್ಸ್ ಹಾಕಿದರೂ ಹನಿಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಆದರೂ 700 ಕಿಲೋಮೀಟರ್ ಮೇಲೆ ಹಾರುತ್ತಿದ್ದ ಒಂದು ಉಪಗ್ರಹ, ಈ ಮೋಡದಲ್ಲಿರುವುದು ನೀರಿನ ಹನಿ, ಪಕ್ಕದ್ದರಲ್ಲಿರುವುದು ಹಿಮದ ಹರಳು, ಆ ಹರಳು ಚಪ್ಪಟೆಯಾಗಿದೆ, ಮಲಗಿಕೊಂಡೇ ಕೆಳಗೆ ಬರುತ್ತಿದೆ ಅಂತ ಹೇಳಿಬಿಡುತ್ತಿತ್ತು. ಇಷ್ಟು ಖುಷಿ ಕೊಡುವ ವಿಷಯ ಹವಾಮಾನ ವಿಜ್ಞಾನದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

ಉಷ್ಣತೆ ನೋಡಿದರೆ ಸಾಕಲ್ವಾ, ಸೊನ್ನೆಗಿಂತ ಕೆಳಗಿದ್ದರೆ ಐಸ್ ತಾನೇ? ಸಾಕಾಗುವುದಿಲ್ಲ. ಹೆಪ್ಪುಗಟ್ಟುವುದಕ್ಕೆ ಹನಿಗೆ ಒಂದು ಧೂಳಿನ ಕಣವೋ ಇನ್ನೇನೋ ಆಸರೆ ಬೇಕು. ಅದು ಸಿಗದಿದ್ದರೆ ಸುಮಾರು ಮೈನಸ್ 38 ಡಿಗ್ರಿವರೆಗೂ ಅದು ನೀರಾಗಿಯೇ ಇರಬಲ್ಲದು. ಮೋಡ ಬಿತ್ತನೆಯಲ್ಲಿ ಸಿಲ್ವರ್ ಅಯೋಡೈಡ್ ಬಳಸುವುದು ಇಂಥ ಹನಿಗಳಿಗೆ ಆಸರೆ ಕೊಡಲಿಕ್ಕೇ, 1946ರಲ್ಲಿ ಬರ್ನಾರ್ಡ್ ವಾನೆಗಟ್ ಕಂಡುಕೊಂಡ ಉಪಾಯ ಅದು. 2017ರಲ್ಲಿ ಕರ್ನಾಟಕ ಸರ್ಕಾರ ವಿಮಾನದಿಂದ ಮೋಡ ಬಿತ್ತನೆ ಮಾಡಿಸಿದಾಗ, ರಾಸಾಯನಿಕ ಚೆಲ್ಲಿದರೆ ಎಲ್ಲ ಮೋಡವೂ ಸುರಿಯುತ್ತದೆ ಅನ್ನುವ ಹಾಗೆ ಚರ್ಚೆ ನಡೆಯಿತು. ಮೋಡದಲ್ಲಿ ಅತಿಶೀತಲ ನೀರು, ಅಂದರೆ ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದ ನೀರು, ಇಲ್ಲದಿದ್ದರೆ ಸಿಲ್ವರ್ ಅಯೋಡೈಡ್‌ಗೆ ಅಲ್ಲಿ ಕೆಲಸವೇ ಇಲ್ಲ. ಮೊದಲು ಒಳಗೇನಿದೆ ಅಂತ ಗೊತ್ತಾಗಬೇಕು.

ಒಂದು ಸುಲಭದ ದಾರಿ ಇದೆ. 1.6 ಮೈಕ್ರಾನ್ ತರಂಗದ ಅವಕೆಂಪು ಬೆಳಕನ್ನು ನೀರಿಗಿಂತ ಐಸ್ ಜಾಸ್ತಿ ಹೀರುತ್ತದೆ. ಆ ಬೆಳಕಿನಲ್ಲಿ ನೀರಿನ ಮೋಡ ಬೆಳ್ಳಗೆ, ಐಸ್ ಮೋಡ ಮಂಕಾಗಿ ಕಾಣುತ್ತದೆ. ಹಾಸನದ ನಿಯಂತ್ರಣ ಕೇಂದ್ರದ ಕೈಯಲ್ಲಿರುವ ಇನ್ಸಾಟ್-3ಡಿ ಸರಣಿಯ ಉಪಗ್ರಹಗಳಲ್ಲಿ ಈ ಚಾನೆಲ್ ಇದೆ. ಆದರೆ ಇದರಿಂದ ನೀರೋ ಐಸೋ ಅನ್ನುವುದು ತಿಳಿಯುತ್ತದೆಯೇ ಹೊರತು ಆಕಾರ ತಿಳಿಯುವುದಿಲ್ಲ.

ಆಕಾರ ಹೇಳುವುದು ಪೋಲರೈಸೇಶನ್, ಅಂದರೆ ಬೆಳಕಿನ ಕಂಪನ ಒಂದು ದಿಕ್ಕಿಗೆ ಹೆಚ್ಚು ವಾಲುವುದು. ಸೂರ್ಯನ ಬೆಳಕಿನಲ್ಲಿ ಎಲ್ಲ ದಿಕ್ಕಿನ ಕಂಪನಗಳೂ ಕಲಸಿಕೊಂಡಿರುತ್ತವೆ. ಅದು ಒಂದು ಕಣಕ್ಕೆ ತಾಗಿ ಚೆದುರಿದ ಮೇಲೆ ಒಂದು ದಿಕ್ಕಿನ ಕಂಪನ ಜಾಸ್ತಿ ಉಳಿಯುತ್ತದೆ. ಎಷ್ಟು ಜಾಸ್ತಿ ಅನ್ನುವುದು ಕಣದ ಆಕಾರ, ಗಾತ್ರ, ಅದು ಯಾವ ವಸ್ತು ಮತ್ತು ನಾವು ಯಾವ ಕೋನದಿಂದ ನೋಡುತ್ತಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಪೋಲರಾಯ್ಡ್ ಕನ್ನಡಕವನ್ನು ಕಣ್ಣ ಮುಂದೆ ಹಿಡಿದು ತಿರುಗಿಸುತ್ತ ಕಾಮನಬಿಲ್ಲಿನ ಒಂದು ತುಂಡನ್ನು ನೋಡಿ. ಒಂದು ಕೋನದಲ್ಲಿ ಅದು ಹೆಚ್ಚುಕಡಿಮೆ ಮಾಯವಾಗುತ್ತದೆ. ಮೋಡದಿಂದ ಬರುವ ಬರೀ ಬೆಳಕನ್ನು ಅಳೆದರೆ ಹತ್ತಾರು ಸಲ ಅಲ್ಲಿಲ್ಲಿ ಬಡಿದು ಗುರುತು ಕಳೆದುಕೊಂಡ ಬೆಳಕೇ ಅದರಲ್ಲಿ ಜಾಸ್ತಿ ಇರುತ್ತದೆ. ಪೋಲರೈಸ್ ಆದ ಪಾಲು ಮಾತ್ರ ಮುಖ್ಯವಾಗಿ ಮೋಡದ ಮೇಲ್ಪದರದಲ್ಲಿ ಒಂದೆರಡು ಸಲ ಬಡಿದು ಬಂದದ್ದು, ಹಾಗಾಗಿ ಅದರಲ್ಲಿ ಕಣದ ಗುರುತು ಅಳಿಸಿರುವುದಿಲ್ಲ.

ಈ ಉಪಾಯ ಮೊದಲು ದೊಡ್ಡದಾಗಿ ಗೆದ್ದದ್ದು ಭೂಮಿಯ ಮೋಡದ ಮೇಲೆ ಅಲ್ಲ, ಶುಕ್ರ ಗ್ರಹದ ಮೋಡದ ಮೇಲೆ! 1920ರ ದಶಕದಲ್ಲಿ ಫ್ರಾನ್ಸ್‌ನ ಖಗೋಳ ವಿಜ್ಞಾನಿ ಬರ್ನಾರ್ಡ್ ಲಿಯೋ ದೂರದರ್ಶಕಕ್ಕೆ ಪೋಲರೈಸೇಶನ್ ಮಾಪಕ ಕಟ್ಟಿ ಶುಕ್ರನನ್ನು ಬೇರೆ ಬೇರೆ ಕೋನಗಳಲ್ಲಿ ಅಳೆದಿಟ್ಟರು. ದಶಕಗಳ ನಂತರ, 1974ರಲ್ಲಿ, ಅಂಥ ಅಳತೆಗಳನ್ನು ಹಿಡಿದು ಜೇಮ್ಸ್ ಹ್ಯಾನ್ಸೆನ್ ಮತ್ತು ಹೊವೆನಿಯರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದರು. ಕಣಗಳು ದುಂಡು, ತ್ರಿಜ್ಯ ಸುಮಾರು 1 ಮೈಕ್ರಾನ್, ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.44 ಅಂತ ಬಂತು. ನೀರಿನದು 1.33, ಹಾಗಾಗಿ ಅದು ನೀರಲ್ಲ. ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಆ ಸಂಖ್ಯೆ ಸರಿಯಾಗಿ ಹೊಂದಿತು. ಒಂದು ಹನಿಯನ್ನೂ ಮುಟ್ಟದೆ ಇನ್ನೊಂದು ಗ್ರಹದ ಮೋಡ ಯಾವುದರದ್ದು ಅಂತ ಹೇಳಿದರು. ಭೂಮಿ ಬಿಸಿಯಾಗುತ್ತಿದೆ ಅಂತ 1988ರಲ್ಲಿ ಅಮೆರಿಕದ ಸೆನೆಟ್ ಮುಂದೆ ಸಾಕ್ಷಿ ಹೇಳಿದ ಹ್ಯಾನ್ಸೆನ್ ಇವರೇ.

ಭೂಮಿಯ ಮೋಡಗಳಿಗೆ ಇದೇ ಕೆಲಸ ಮಾಡಿದ್ದು ಫ್ರಾನ್ಸ್‌ನ ಪೋಲ್ಡರ್ ಉಪಕರಣ. 1996ರಲ್ಲಿ ಜಪಾನಿನ ಅಡಿಯೋಸ್ ಉಪಗ್ರಹದಲ್ಲಿ, ಆಮೇಲೆ 2004ರಲ್ಲಿ ಹಾರಿದ ಪ್ಯಾರಸೋಲ್‌ನಲ್ಲಿ ಇತ್ತು. ಒಂದೇ ಮೋಡವನ್ನು ಹತ್ತಕ್ಕೂ ಹೆಚ್ಚು ಕೋನಗಳಿಂದ ನೋಡುತ್ತಿತ್ತು. ಚೆದುರುವ ಕೋನ, ಅಂದರೆ ಬೆಳಕು ತಾನು ಸಾಗುತ್ತಿದ್ದ ದಿಕ್ಕಿನಿಂದ ಎಷ್ಟು ತಿರುಗಿತು ಅನ್ನುವುದು, ಸುಮಾರು 140 ಡಿಗ್ರಿ ಇದ್ದಾಗ ಪೋಲರೈಸೇಶನ್ ಸರಕ್ಕನೆ ಏರಿದರೆ ಅದು ದುಂಡು ನೀರಹನಿಯ ಕಾಮನಬಿಲ್ಲು. ಐಸ್ ಮೋಡದಲ್ಲಿ ಆ ಏರು ಇಲ್ಲವೇ ಇಲ್ಲ, ಗ್ರಾಫ್ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ.

ನಯವಾದ ಷಟ್ಕೋನ ಹರಳಾಗಿದ್ದರೆ ಆ ಗ್ರಾಫ್‌ನಲ್ಲಿ ಅಲ್ಲಲ್ಲಿ ಉಬ್ಬು ಬರಬೇಕಿತ್ತು. ಬರುವುದು ಅಪರೂಪ. ಅಂದರೆ ಬಹುತೇಕ ಹರಳುಗಳ ಮೈ ಒರಟು. ಹಿಮ ಅಂದ ಕೂಡಲೇ ನಮ್ಮ ತಲೆಯಲ್ಲಿ ಮೂಡುವ ಚೆಂದದ ಆರು ಮೂಲೆಯ ಚಿತ್ರಕ್ಕೆ ದೊಡ್ಡ ಕಾರಣ ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ. 1885ರಿಂದ 5000ಕ್ಕೂ ಹೆಚ್ಚು ಹಿಮಹರಳುಗಳ ಫೋಟೋ ತೆಗೆದ ಮನುಷ್ಯ, ಆದರೆ ಚೆಂದದ್ದನ್ನೇ ಆರಿಸಿ ತೆಗೆದರು. ಉಪಗ್ರಹದಲ್ಲಿ ಕೂತು ಮೋಡ ನೋಡುವ ನಾಸಾದ ಮೋಡಿಸ್ ಉಪಕರಣದ ಲೆಕ್ಕದಲ್ಲೂ ಈಗ ಐಸ್ ಕಣ ಅಂದರೆ ತೀರಾ ಒರಟು ಮೈಯ, ಒಂದಕ್ಕೊಂದು ಅಂಟಿಕೊಂಡ ಕಂಬಗಳ ಗೊಂಚಲು. ಹಾಗೆ ಬದಲಿಸಿದ ಮೇಲೆಯೇ ಬೇರೆ ಉಪಕರಣಗಳ ಜೊತೆ ಅದರ ಲೆಕ್ಕ ಚೆನ್ನಾಗಿ ತಾಳೆಯಾಯಿತು.

2021ರ ಮೇ 24ರಂದು ಬೆಂಗಳೂರಿನ ಆಕಾಶದಲ್ಲಿ ಸೂರ್ಯನ ಸುತ್ತ ದೊಡ್ಡ ಉಂಗುರ ಕಂಡಿತ್ತು, ನೆನಪಿದೆಯಾ? ಮೋಡದಲ್ಲಿ ಒಂದು ಪಾಲಾದರೂ ನಯವಾದ ಷಟ್ಕೋನ ಹರಳಿದ್ದರೆ ಬೆಳಕು 22 ಡಿಗ್ರಿ ಬಾಗಿ ಅಂಥ ಉಂಗುರವಾಗುತ್ತದೆ. ಅದನ್ನು ಅಪಶಕುನ ಅನ್ನುವವರು ಇವತ್ತಿಗೂ ಇದ್ದಾರೆ, ಸುಮ್ನೆ ಹೆದರಿಸುತ್ತಾರೆ. ಅಷ್ಟೆತ್ತರದ ಹರಳಿನ ಮೈ ನಯವಾಗಿದೆ ಅಂತ ಬರಿಗಣ್ಣಿಗೆ ಗೊತ್ತಾದ ದಿನ ಅದು. ಅದನ್ನು ನೋಡಲಿಕ್ಕೆ ಮಕ್ಕಳನ್ನು ಹೊರಗೆ ಕರೆಯಬೇಕು, ಒಳಗೆ ಕೂಡಿಹಾಕಬಾರದು. ಸೂರ್ಯನನ್ನು ಮಾತ್ರ ಕೈಯಿಂದ ಮರೆಮಾಡಿಕೊಂಡು ನೋಡಬೇಕು.

ಇನ್ನು ನನಗೆ ಬಹಳ ಇಷ್ಟದ ಕತೆ, ಕ್ಯಾಲಿಪ್ಸೋದ್ದು. 2006ರ ಏಪ್ರಿಲ್‌ನಲ್ಲಿ ಹಾರಿದ ಈ ಉಪಗ್ರಹ ಸೂರ್ಯನ ಬೆಳಕಿಗೆ ಕಾಯುತ್ತಿರಲಿಲ್ಲ, ತಾನೇ ಹಸಿರು ಲೇಸರ್ ಬಿಡುತ್ತಿತ್ತು, ಸೆಕೆಂಡಿಗೆ ಸುಮಾರು 20 ಸಲ. ಕಳಿಸಿದ ಬೆಳಕು ಒಂದೇ ದಿಕ್ಕಿಗೆ ಕಂಪಿಸುವಂಥದ್ದು. ದುಂಡು ಹನಿಯಿಂದ ನೇರ ಹಿಂದಕ್ಕೆ ಬಂದರೆ ಕಂಪನದ ದಿಕ್ಕು ಹಾಗೇ ಇರುತ್ತದೆ, ಏಕೆಂದರೆ ಗೋಲಕ್ಕೆ ಎಡ ಬಲ ಮೇಲೆ ಕೆಳಗೆ ಎಲ್ಲವೂ ಒಂದೇ. ಮೂಲೆಗಳಿರುವ ಹರಳಿನೊಳಗೆ ಹೊಕ್ಕು, ಓರೆ ಗೋಡೆಗಳಿಗೆ ಬಡಿದು ಬಂದರೆ ದಿಕ್ಕು ತಿರುಚಿಕೊಳ್ಳುತ್ತದೆ. ತಿರುಚಿದ್ದರೆ ಐಸ್, ಇಲ್ಲದಿದ್ದರೆ ನೀರು. ದಟ್ಟ ನೀರಮೋಡದಲ್ಲಿ ಹಲವು ಸಲ ಬಡಿದೂ ದಿಕ್ಕು ಸ್ವಲ್ಪ ತಿರುಚುತ್ತದೆ, ಹಾಗಾಗಿ ಎಷ್ಟು ಬೆಳಕು ಮರಳಿತು ಅನ್ನುವುದನ್ನೂ ಜೊತೆಗಿಟ್ಟು ನೋಡಬೇಕು.

ಒಂದು ತೊಡಕು ಎದುರಾಯಿತು. ಕೆಲವು ಮೋಡಗಳಿಂದ ಬೆಳಕು ವಿಪರೀತ ಜೋರಾಗಿ ಮರಳುತ್ತಿತ್ತು, ದಿಕ್ಕು ಮಾತ್ರ ತಿರುಚಿರುತ್ತಿರಲಿಲ್ಲ. ಅವು ಅಡ್ಡಡ್ಡ ಮಲಗಿ ಬೀಳುವ ಚಪ್ಪಟೆ ಹರಳುಗಳು. ನೆಲದ ಮೇಲಿಟ್ಟ ಸ್ಟೀಲ್ ತಟ್ಟೆಗೆ ನೆಟ್ಟಗೆ ಮೇಲಿಂದ ಟಾರ್ಚ್ ಬಿಟ್ಟರೆ ಬೆಳಕು ಕಣ್ಣಿಗೇ ಹೊಡೆಯುತ್ತದಲ್ಲ, ಹಾಗೆ. ಟಾರ್ಚನ್ನು ಚೂರು ಓರೆ ಮಾಡಿ, ಬೆಳಕು ಬೇರೆ ಕಡೆ ಹೋಗುತ್ತದೆ. 2007ರ ನವೆಂಬರ್‌ವರೆಗೆ ಲೇಸರ್ ನೆಟ್ಟಗಿನಿಂದ 0.3 ಡಿಗ್ರಿಯಷ್ಟೇ ಓರೆ ಇತ್ತು. ಅದನ್ನು 3 ಡಿಗ್ರಿಗೆ ತಿರುಗಿಸಿದರು. ಆ ಜೋರು ಹೊಳಪು ಹೆಚ್ಚುಕಡಿಮೆ ನಿಂತೇ ಹೋಯಿತು. ಇಡೀ ಉಪಗ್ರಹವನ್ನು ಮೂರು ಡಿಗ್ರಿ ವಾಲಿಸಿ, ಹರಳುಗಳು ಮಲಗಿವೆ ಅನ್ನುವುದನ್ನು ಭೂಮಿಯುದ್ದಕ್ಕೂ ಖಚಿತ ಮಾಡಿಕೊಂಡರು!

ಅದೇ ಕ್ಯಾಲಿಪ್ಸೋ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಮೇಲೆ ಅತಿಶೀತಲ ನೀರಿನ ಮೋಡ ತುಂಬ ಇದೆ ಅಂತ ತೋರಿಸಿತು. ಹವಾಮಾನ ಲೆಕ್ಕ ಹಾಕುವ ಹಲವು ಕಂಪ್ಯೂಟರ್ ಮಾದರಿಗಳು ಅಲ್ಲಿ ಐಸನ್ನೇ ಜಾಸ್ತಿ ತುಂಬಿದ್ದವು. ನೀರಿನ ಮೋಡ ಬಿಸಿಲನ್ನು ಹೆಚ್ಚು ಹಿಂದಕ್ಕೆ ಕಳಿಸುತ್ತದೆ, ಹಾಗಾಗಿ ಲೆಕ್ಕ ತಿದ್ದಬೇಕಾಯಿತು. 2023ರಲ್ಲಿ ಕ್ಯಾಲಿಪ್ಸೋ ಕೆಲಸ ಮುಗಿಯಿತು. 2024ರ ಮೇ ತಿಂಗಳಲ್ಲಿ ಯೂರೋಪ್ ಮತ್ತು ಜಪಾನ್ ಸೇರಿ ಹಾರಿಸಿದ ಅರ್ಥ್‌ಕೇರ್ ಉಪಗ್ರಹದ ಲೇಸರ್ ಅನ್ನು ಮೊದಲಿನಿಂದಲೇ 3 ಡಿಗ್ರಿ ಓರೆಯಾಗಿ ಕೂರಿಸಿದ್ದಾರೆ.