ಹೆಸರು ಹಲವು, ಎಂಜಿನ್ ಮೂರೇ: ಲಿನಕ್ಸ್ ಬ್ರೌಸರ್‌ಗಳ ಹಿನ್ನೆಲೆ

ಲಿನಕ್ಸ್ ಹಾಕಿಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: ಯಾವ ಬ್ರೌಸರ್ ಒಳ್ಳೆಯದು? ಸಲಹೆಗಳಿಗೇನೂ ಬರವಿಲ್ಲ. ಒಬ್ಬರು ಫೈರ್‌ಫಾಕ್ಸ್ ಅನ್ನುತ್ತಾರೆ. ಇನ್ನೊಬ್ಬರು, ಫೈರ್‌ಫಾಕ್ಸ್ ಸರಿ, ಆದರೆ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಮಾತ್ರ ಬೇಡ ಅನ್ನುತ್ತಾರೆ. ಕ್ರೋಮ್ ಬೇಡ, ಅದರ ಮುಕ್ತ ರೂಪವಾದ ಕ್ರೋಮಿಯಂ ಹಾಕಿ ಅಂತ ಮತ್ತೊಬ್ಬರು; ಅದರಲ್ಲಿ ಬುಕ್‌ಮಾರ್ಕ್, ಪಾಸ್‌ವರ್ಡ್ ಬೇರೆ ಸಾಧನಗಳಿಗೆ ಸಿಂಕ್ ಆಗುವುದಿಲ್ಲವಲ್ಲ ಅಂತ ಅವರ ಪಕ್ಕದವರು. ಬ್ರೇವ್, ವಿವಾಲ್ಡಿ, ಲಿಬ್ರೆವುಲ್ಫ್, ಎಡ್ಜ್ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಈ ಒಂದೊಂದು ಮಾತಿನ ಹಿಂದೆಯೂ ಒಂದು ಹಳೆಯ ತಕರಾರು ಇದೆ. ಅದು ಗೊತ್ತಿಲ್ಲದಿದ್ದರೆ ಸಲಹೆ ಬರೀ ರುಚಿಯ ಮಾತಾಗಿ ಕೇಳಿಸುತ್ತದೆ.

ಲಿನಕ್ಸ್‌ನಲ್ಲಿ ಕ್ರೋಮ್ ತೆರೆದು ಯಾವುದೇ ಪುಟಕ್ಕೆ ಹೋದರೂ, ಅದು ಆ ಸರ್ವರ್‌ಗೆ ತನ್ನ ಪರಿಚಯವೆಂದು ಒಂದು ಸಾಲನ್ನು ಕಳಿಸುತ್ತದೆ. ಕನ್ನಡ ಅಕ್ಷರದಲ್ಲಿ ಬರೆದರೆ ಅದು ಹೆಚ್ಚುಕಡಿಮೆ ಹೀಗಿದೆ:

ಮೊಜಿಲ್ಲಾ/5.0 (ಎಕ್ಸ್11, ಲಿನಕ್ಸ್) ಆಪಲ್‌ವೆಬ್‌ಕಿಟ್/537.36 (ಕೆಎಚ್‌ಟಿಎಂಎಲ್, ಲೈಕ್ ಗೆಕ್ಕೋ) ಕ್ರೋಮ್ ಸಫಾರಿ/537.36

ಒಂದೇ ಬ್ರೌಸರ್, ಆದರೆ ಹೇಳಿಕೊಳ್ಳುವುದು ಆರು ಹೆಸರು. ಇದು ತಪ್ಪಿ ಆದದ್ದಲ್ಲ. ಇಪ್ಪತ್ತೈದು ವರ್ಷಗಳಿಗೂ ಹೆಚ್ಚಿನ ವಂಶಾವಳಿ ಈ ಸಾಲಿನಲ್ಲಿದೆ. ಅದರ ಒಂದು ಮುಖ್ಯ ಕೊಂಡಿ ಹುಟ್ಟಿದ್ದು ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್‌ನಲ್ಲಿ, ಸ್ವಯಂಸೇವಕರ ಕೈಯಲ್ಲಿ.

ಮೊದಲ ದಶಕವನ್ನು ಚುಟುಕಾಗಿ ಹೇಳಿಬಿಡಬಹುದು: 1991ರಲ್ಲಿ ಲಿನಕ್ಸ್ ಕರ್ನಲ್ ಬಂತು, 1993ರಲ್ಲಿ ಮೊಸಾಯಿಕ್ ಬ್ರೌಸರ್ ಮೊದಲು ಯುನಿಕ್ಸ್‌ನ ಎಕ್ಸ್ ವಿಂಡೋಗೇ ಬಂತು, 1994ರಲ್ಲಿ ನೆಟ್‌ಸ್ಕೇಪ್ ಬಂದು ಎಲ್ಲರ ಬ್ರೌಸರ್ ಆಯಿತು, ವಿಂಡೋಸ್ ಜೊತೆಗೇ ಬರುವ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎದುರು ಸೋಲುತ್ತಾ 1998ರ ಮಾರ್ಚ್‌ನಲ್ಲಿ ತನ್ನ ಸೋರ್ಸ್ ಕೋಡನ್ನು ಜಗತ್ತಿಗೆ ಬಿಟ್ಟುಕೊಟ್ಟಿತು. ‘ಮೊಜಿಲ್ಲಾ’ ನೆಟ್‌ಸ್ಕೇಪ್ ಒಳಗಿನವರು ಇಟ್ಟುಕೊಂಡಿದ್ದ ಹೆಸರು. ಆಗಿನ ಸರ್ವರ್‌ಗಳು ಚೆನ್ನಾಗಿರುವ ಪುಟವನ್ನು ಮೊಜಿಲ್ಲಾ ಎಂದು ಹೇಳಿಕೊಂಡವರಿಗಷ್ಟೇ ಕೊಡುತ್ತಿದ್ದವು. ಆದ್ದರಿಂದ ಆಮೇಲೆ ಬಂದವರೆಲ್ಲ ಆ ಹೆಸರನ್ನು ಹೇಳಿಕೊಳ್ಳತೊಡಗಿದರು. ಸಾಲಿನ ಮೊದಲ ಪದ ಅಲ್ಲಿಂದ ಬಂದದ್ದು.

ಮುಂದಿನ ಹತ್ತು ವರ್ಷ ಹಾಗೆ ಚುಟುಕಾಗಿ ಮುಗಿಯುವಂಥದ್ದಲ್ಲ.

2000ದ ಅಕ್ಟೋಬರ್‌ನಲ್ಲಿ, ಲಿನಕ್ಸ್‌ನ ಮುಕ್ತ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಕೆಡಿಇ 2.0 ಬಿಡುಗಡೆಯಾಯಿತು. ಅದರ ಜೊತೆ ಕಾಂಕರರ್ ಎಂಬ ಬ್ರೌಸರ್ ಇತ್ತು. ಫೈಲ್ ಮ್ಯಾನೇಜರ್ ಕೂಡ ಅದೇ. ಅದರೊಳಗಿನ ಎಂಜಿನ್, ಅಂದರೆ ಪುಟದ ಕೋಡ್ ಓದಿ ತೆರೆಯ ಮೇಲೆ ಮೂಡಿಸುವ ಭಾಗ, ಕೆಎಚ್‌ಟಿಎಂಎಲ್. ಮೊಜಿಲ್ಲಾದವರ ಗೆಕ್ಕೋ ಎಂಜಿನ್ ದೊಡ್ಡದು, ಕಂಪೈಲ್ ಮಾಡಲು ತಾಸುಗಟ್ಟಲೆ ಬೇಕು. ಕೆಎಚ್‌ಟಿಎಂಎಲ್ ಚಿಕ್ಕದು, ಓದಿದರೆ ಅರ್ಥವಾಗುವಂಥದ್ದು. 2003ರ ಜನವರಿಯಲ್ಲಿ ಆಪಲ್ ಸಫಾರಿಯನ್ನು ಘೋಷಿಸಿದಾಗ ಎಲ್ಲರೂ ಅದು ಗೆಕ್ಕೋ ಮೇಲೆ ಕಟ್ಟಿದ್ದಿರಬೇಕು ಅಂದುಕೊಂಡಿದ್ದರು. ಆಗಿರಲಿಲ್ಲ. ಒಂದೂವರೆ ಲಕ್ಷಕ್ಕಿಂತ ಕಡಿಮೆ ಸಾಲಿನ ಕೆಎಚ್‌ಟಿಎಂಎಲ್ಲನ್ನು ಅವರು ಆರಿಸಿಕೊಂಡಿದ್ದರು.

ಹೆಮ್ಮೆಯ ಸುದ್ದಿ, ಆದರೆ ನಂಟು ಸುಲಭದ್ದಾಗಿರಲಿಲ್ಲ. ಕೆಎಚ್‌ಟಿಎಂಎಲ್‌ನ ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಪ್ರಕಾರ ಬದಲಾವಣೆಗಳನ್ನು ಹಂಚಲೇಬೇಕಿತ್ತು, ಆಪಲ್ ಹಂಚಿತು ಕೂಡ. ಆದರೆ ತಿಂಗಳುಗಳ ಕೆಲಸವನ್ನು ಒಟ್ಟಿಗೆ ಒಂದೇ ಮೂಟೆಯಾಗಿ ಕೊಟ್ಟರೆ, ಯಾವ ಸಾಲು ಯಾಕೆ ಬದಲಾಯಿತು ಅಂತ ಬಿಡಿಸಿಕೊಳ್ಳುವುದು ಬಿಡುವಿನ ವೇಳೆಯಲ್ಲಿ ದುಡಿಯುವವರಿಗೆ ಆಗದ ಮಾತು. 2005ರ ಏಪ್ರಿಲ್‌ನಲ್ಲಿ ಸಫಾರಿಯ ಅಭಿವೃದ್ಧಿ ಆವೃತ್ತಿ ಆಸಿಡ್2 ಎಂಬ ಮಾನಕ ಪರೀಕ್ಷೆಯನ್ನು ಪಾಸು ಮಾಡಿತು. ಹಾಗಾದರೆ ಕಾಂಕರರ್ ಕೂಡ ನಾಳೆಯೇ ಪಾಸಾಗುತ್ತದಲ್ಲವೇ ಅಂತ ಬಳಕೆದಾರರು ಕೇಳತೊಡಗಿದಾಗ ಕೆಡಿಇ ಮಂದಿಯ ಬೇಸರ ಹೊರಬಿತ್ತು. ಅವರು ಜೂನ್‌ನಲ್ಲಿ ಪಾಸಾದರು. ಅದೇ ತಿಂಗಳು ಆಪಲ್, ಕೆಎಚ್‌ಟಿಎಂಎಲ್‌ನಿಂದ ಕಟ್ಟಿದ ತನ್ನ ಎಂಜಿನ್ ವೆಬ್‌ಕಿಟ್‌ನ ಯೋಜನೆಯನ್ನು ಪೂರ್ತಿ ತೆರೆದಿಟ್ಟಿತು. ಎರಡೂ ಕಡೆಯವರು ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಂಡಿದ್ದರು. ಆದರೂ ಮೂಲ ಮನೆಯಲ್ಲಿ ಬೆಳಕು ಕಡಿಮೆಯಾಗುತ್ತ ಬಂತು.

ಆ ದಿನಗಳಲ್ಲಿ ನಾನು ಕಾಂಕರರ್ ಬಳಸುತ್ತಿದ್ದೆ. ಒಂದು ಅರ್ಜಿ ತುಂಬಬೇಕಿತ್ತು. ಪುಟ ತೆರೆದರೆ ಇರುವುದು ಒಂದೇ ಸಾಲು: ಈ ತಾಣಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬೇಕು. ಕಾಂಕರರ್‌ನ ಟೂಲ್ಸ್ ಮೆನುವಿನಲ್ಲಿ ಬ್ರೌಸರಿನ ಗುರುತು ಬದಲಿಸುವ ಸೌಲಭ್ಯವಿತ್ತು. ಅಲ್ಲಿ ಎಕ್ಸ್‌ಪ್ಲೋರರ್ ಅಂತ ಆರಿಸಿ ಪುಟವನ್ನು ಮತ್ತೆ ತೆರೆದೆ. ಅರ್ಜಿ ಬಂತು, ತುಂಬಿದೆ, ಹೋಯಿತು. ಆ ಪುಟದಲ್ಲಿ ಕಾಂಕರರ್‌ಗೆ ಆಗದ್ದು ಏನೂ ಇರಲಿಲ್ಲ. ತಡೆದದ್ದು ಹೆಸರಷ್ಟೇ. ಇಂಥ ಮೆನು ಒಂದನ್ನು ಬ್ರೌಸರ್ ಬರೆದವರೇ ಮುಂದಾಲೋಚಿಸಿ ಇಟ್ಟಿದ್ದರು ಎಂಬುದನ್ನು ಈಗಲೂ ನೆನೆಯುತ್ತೇನೆ. ಎಕ್ಸ್‌ಪ್ಲೋರರ್ ಒಂದು ಕಾಲಕ್ಕೆ ಸೋಲಾರಿಸ್, ಎಚ್‌ಪಿ-ಯುಎಕ್ಸ್‌ನಂಥ ಯುನಿಕ್ಸ್‌ಗಳಿಗೂ ಬಂದಿತ್ತು, ಲಿನಕ್ಸ್‌ಗೆ ಮಾತ್ರ ಬರಲೇ ಇಲ್ಲ. ಎಕ್ಸ್‌ಪ್ಲೋರರ್‌ಗಷ್ಟೇ ಒಗ್ಗುವ ಆಕ್ಟಿವ್‌ಎಕ್ಸ್ ತಂತ್ರ ಬಳಸಿದ ತಾಣಗಳಲ್ಲಂತೂ ಗುರುತು ಬದಲಿಸಿದರೂ ಪ್ರಯೋಜನವಿರಲಿಲ್ಲ.

ಈ ಗೋಡೆಗೆ ದೊಡ್ಡ ಬಿರುಕು ಬಿಟ್ಟದ್ದು 2004ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 1.0. ವಿಂಡೋಸ್ ಬಳಸುವವರೇ ಅದಕ್ಕೆ ಹೋಗತೊಡಗಿದ್ದರಿಂದ ತಾಣಗಳು ಮಾನಕಗಳ ಕಡೆ ತಿರುಗಬೇಕಾಯಿತು. ಅದರ ಲಾಭ ಲಿನಕ್ಸ್‌ಗೂ ಸಿಕ್ಕಿತು. ಲಿನಕ್ಸ್‌ನ ಫೈರ್‌ಫಾಕ್ಸ್‌ಗೆ ಅದರದೇ ಕೊರತೆಗಳಿದ್ದವು. ಮೊದಲ ಆವೃತ್ತಿಗಳಲ್ಲಿ ಪ್ಯಾಂಗೋ ಎಂಬ ಅಕ್ಷರ ಜೋಡಣೆಯ ಲೈಬ್ರರಿ ಸೇರಿಸಿ ಕಟ್ಟಿದ ಪ್ಯಾಕೇಜ್ ಸಿಗದಿದ್ದರೆ ಒತ್ತಕ್ಷರಗಳಿರುವ ಲಿಪಿಗಳೆಲ್ಲ ಒಡೆದು ಕಾಣುತ್ತಿದ್ದವು. ‘ಕ್ಷ’ ಬರೆದರೆ ಕ್ ಬೇರೆ, ಷ ಬೇರೆ. 2008ರ ಫೈರ್‌ಫಾಕ್ಸ್ 3 ಪ್ಯಾಂಗೋವನ್ನೇ ನೆಚ್ಚಿಕೊಂಡ ಮೇಲೆ ಆ ಕಷ್ಟ ಕಳೆಯಿತು.

ಫ್ಲ್ಯಾಶ್‌ನ ಕಷ್ಟ ಅಷ್ಟು ಬೇಗ ಕಳೆಯಲಿಲ್ಲ. ವಿಡಿಯೋ, ಆಟ, ಎಷ್ಟೋ ತಾಣಗಳ ಮೆನು ಎಲ್ಲವೂ ಫ್ಲ್ಯಾಶ್‌ನಲ್ಲಿದ್ದ ಕಾಲ ಅದು. ಲಿನಕ್ಸ್ ಬಳಕೆದಾರರು ಬಹುಕಾಲ ಏಳನೇ ಆವೃತ್ತಿಯಲ್ಲೇ ಉಳಿದರು, ಎಂಟು ಬರಲೇ ಇಲ್ಲ, 2007ರ ಜನವರಿಯಲ್ಲಿ ನೇರ ಒಂಬತ್ತು ಬಂತು. ಅದೂ 32 ಬಿಟ್‌ಗೆ. 64 ಬಿಟ್ ಲಿನಕ್ಸ್ ಹಾಕಿಕೊಂಡವರು ನಡುವೆ ಇನ್ನೊಂದು ಹೊದಿಕೆ ತಂತ್ರಾಂಶ ಹಾಕಿ, ಅದರೊಳಗೆ 32 ಬಿಟ್ ಪ್ಲಗಿನ್ ಓಡಿಸಬೇಕಿತ್ತು. ಅದು ಕೈಕೊಟ್ಟರೆ ವಿಡಿಯೋ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕ. 2012ರಲ್ಲಿ ಅಡೋಬಿ, 11.2ರ ಮುಂದಿನ ಆವೃತ್ತಿಗಳು ಲಿನಕ್ಸ್‌ನಲ್ಲಿ ಕ್ರೋಮ್ ಜೊತೆಗೆ ಮಾತ್ರ ಎಂದು ಘೋಷಿಸಿತು. ಫ್ಲ್ಯಾಶ್ 2020ರ ಕೊನೆಗೆ ನಿಂತಿತು, ಆದರೆ ಅಷ್ಟರಲ್ಲಿ ಆ ಒಂದು ಕಾರಣಕ್ಕೇ ಎಷ್ಟೋ ಮಂದಿ ಕ್ರೋಮ್‌ಗೆ ಹೋಗಿಯಾಗಿತ್ತು.

ಕ್ರೋಮ್ 2008ರ ಸೆಪ್ಟೆಂಬರ್‌ನಲ್ಲಿ ವಿಂಡೋಸ್‌ಗೆ ಬಂತು, ಲಿನಕ್ಸ್‌ಗೆ ಸ್ಥಿರ ಆವೃತ್ತಿ ಬರಲು 2010ರ ಮೇ ಆಯಿತು. ಒಳಗಿದ್ದದ್ದು ವೆಬ್‌ಕಿಟ್. ವೇಗವಿತ್ತು, ಒಂದು ಟ್ಯಾಬ್ ಕುಸಿದರೆ ಉಳಿದವು ನಿಲ್ಲುತ್ತಿರಲಿಲ್ಲ. ಜನ ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. 2013ರ ಏಪ್ರಿಲ್‌ನಲ್ಲಿ ಗೂಗಲ್ ವೆಬ್‌ಕಿಟ್‌ನಿಂದ ಕವಲೊಡೆದು ಬ್ಲಿಂಕ್ ಎಂಬ ಸ್ವಂತ ಎಂಜಿನ್ ಮಾಡಿಕೊಂಡಿತು. ಅದೇ ವರ್ಷ ಒಪೆರಾ ಹತ್ತು ವರ್ಷದ ಸ್ವಂತ ಪ್ರೆಸ್ಟೋ ಎಂಜಿನ್ ಬಿಟ್ಟು ಬ್ಲಿಂಕ್‌ಗೆ ಬಂತು. 2020ರ ಜನವರಿಯಲ್ಲಿ ಎಡ್ಜ್ ಕೂಡ ಬಂತು, 2021ರ ನವೆಂಬರ್‌ನಲ್ಲಿ ಲಿನಕ್ಸ್‌ಗೂ ಅದರ ಸ್ಥಿರ ಆವೃತ್ತಿ ಸಿಕ್ಕಿತು. ಬ್ರೇವ್, ವಿವಾಲ್ಡಿ ಮೊದಲಿನಿಂದಲೂ ಅಲ್ಲೇ.

ಈಗ ಆ ಸಾಲನ್ನು ಮತ್ತೆ ಓದಿ: ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕ್ಕೋ, ಕ್ರೋಮ್, ಸಫಾರಿ. ಮೂಲ ಕೆಎಚ್‌ಟಿಎಂಎಲ್ಲನ್ನು ಕೆಡಿಇ ತನ್ನ ಆರನೇ ತಲೆಮಾರಿನ ಲೈಬ್ರರಿಗಳಿಂದ ಕೈಬಿಟ್ಟಿದೆ. ಕೆಡಿಇಯ ಫಾಲ್ಕನ್ ಬ್ರೌಸರ್ ಓಡುವುದೂ ಕ್ರೋಮಿಯಂ ಮೇಲೆಯೇ. ಮಗಳ ಮಗಳು ತವರಿಗೆ ಬಂದು ಮನೆ ನಡೆಸುತ್ತಿದ್ದಾಳೆ.

ಹೀಗಾಗಿ ಇಂದು ಲಿನಕ್ಸ್‌ನಲ್ಲಿ ಹತ್ತು ಬ್ರೌಸರ್‌ಗಳ ಹೆಸರು ಹೇಳಿದರೂ ದಿನಬಳಕೆಗೆ ಒದಗುವ ಎಂಜಿನ್ ಮೂರೇ: ಬ್ಲಿಂಕ್, ಫೈರ್‌ಫಾಕ್ಸ್ ಮತ್ತು ಅದರಿಂದ ಹುಟ್ಟಿದವುಗಳ ಗೆಕ್ಕೋ, ಗ್ನೋಮ್ ಡೆಸ್ಕ್‌ಟಾಪ್‌ನ ‘ವೆಬ್’ ಎಂಬ ಬ್ರೌಸರ್ ಬಳಸುವ ವೆಬ್‌ಕಿಟ್. ಹಿಂದೆ ಎಪಿಫನಿ ಎಂದಿದ್ದ ಈ ಗ್ನೋಮ್ ಬ್ರೌಸರ್ ಮೊದಲು ಗೆಕ್ಕೋ ಬಳಸುತ್ತಿತ್ತು, 2009ರಲ್ಲಿ ವೆಬ್‌ಕಿಟ್‌ಗೆ ಬದಲಾಯಿತು.

ಇಲ್ಲಿಗೆ ಎಂಜಿನ್‌ಗಳ ಮಾತು ಮುಗಿಯಿತು. ಆದರೆ ಈಗಿನ ವಾಗ್ವಾದ ಬಹುಪಾಲು ಎಂಜಿನ್ ಬಗ್ಗೆ ಅಲ್ಲ, ಬ್ರೌಸರನ್ನು ನಿಮ್ಮ ಕೈಗೆ ಯಾರು ಕೊಡಬೇಕು ಎಂಬುದರ ಬಗ್ಗೆ. ಲಿನಕ್ಸ್‌ನಲ್ಲಿ ತಂತ್ರಾಂಶ ಬರುವುದು ಡಿಸ್ಟ್ರೋದವರ, ಅಂದರೆ ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ರೂಪಗಳನ್ನು ಸಿದ್ಧಪಡಿಸುವವರ, ಭಂಡಾರದಿಂದ. ಅವರು ಕೋಡ್ ತೆಗೆದುಕೊಂಡು, ತಮ್ಮ ಲೈಬ್ರರಿಗಳಿಗೆ ಹೊಂದಿಸಿ, ತಿದ್ದಿ ಕಟ್ಟುತ್ತಾರೆ. ಬ್ರೌಸರ್ ಬರೆದವರಿಗೆ ಆ ತಿದ್ದುಪಡಿಯ ಮೇಲೆ ತಮ್ಮ ಹೆಸರು ಇರುವುದು ಸಂಕೋಚದ ವಿಷಯ. 2006ರಲ್ಲಿ ಮೊಜಿಲ್ಲಾ ಮತ್ತು ಡೆಬಿಯನ್ ನಡುವೆ ಇದೇ ಎದ್ದು ನಿಂತಿತು. ಲೋಗೋದ ಪರವಾನಗಿ ಮುಕ್ತವಲ್ಲ ಎಂದು ಡೆಬಿಯನ್ ಅದನ್ನು ಬಿಟ್ಟಿತ್ತು. ಲೋಗೋ ಇಲ್ಲದೆ, ತಿದ್ದುಪಡಿಗಳಿಗೆ ಒಪ್ಪಿಗೆ ಇಲ್ಲದೆ ಹೆಸರು ಬಳಸುವಂತಿಲ್ಲ ಎಂದಿತು ಮೊಜಿಲ್ಲಾ. ಡೆಬಿಯನ್ ತನ್ನ ಬ್ರೌಸರಿಗೆ ಐಸ್‌ವೀಸೆಲ್ ಎಂದು ಹೆಸರಿಟ್ಟಿತು. ಹತ್ತು ವರ್ಷದ ಮೇಲೆ, 2016ರಲ್ಲಿ, ಎರಡೂ ಕಡೆ ಮಾತಾಗಿ ಫೈರ್‌ಫಾಕ್ಸ್ ಹೆಸರು ಮರಳಿತು.

2011ರಿಂದ ಫೈರ್‌ಫಾಕ್ಸ್ ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ತರತೊಡಗಿತು, 2020ರಿಂದ ನಾಲ್ಕು ವಾರಕ್ಕೊಮ್ಮೆ. ಐದು ವರ್ಷ ಒಂದೇ ಲೈಬ್ರರಿ ಇಟ್ಟುಕೊಳ್ಳುವ ಡಿಸ್ಟ್ರೋಗೆ ಈ ಓಟ ಕಷ್ಟ. ಅದಕ್ಕೇ ಡೆಬಿಯನ್ ದೀರ್ಘಾವಧಿ ಬೆಂಬಲದ ಇಎಸ್‌ಆರ್ ಆವೃತ್ತಿಯನ್ನು ಕೊಡುತ್ತದೆ. ಉಬುಂಟು ಬೇರೆ ದಾರಿ ಹಿಡಿಯಿತು: ಲೈಬ್ರರಿಗಳನ್ನೆಲ್ಲ ಒಳಗೇ ಕಟ್ಟಿಕೊಂಡ ಸ್ನ್ಯಾಪ್. ಉಬುಂಟು 19.10ರಿಂದ ಕ್ರೋಮಿಯಂ ಹೀಗೆ ಬರತೊಡಗಿತು, 22.04ರ ಹೊತ್ತಿಗೆ ಫೈರ್‌ಫಾಕ್ಸ್ ಕೂಡ. ಟರ್ಮಿನಲ್‌ನಲ್ಲಿ ಎಂದಿನಂತೆ ತಂತ್ರಾಂಶ ಹಾಕುವ ಆಪ್ಟ್ ಆದೇಶ ಕೊಟ್ಟರೆ, ಬರುವುದು ಡೆಬಿಯನ್ ಮಾದರಿಯ ಒಂದು ಪುಟ್ಟ ಡೆಬ್ ಪ್ಯಾಕೇಜ್. ಅದು ಒಳಗಿಂದ ಸ್ನ್ಯಾಪನ್ನು ಇಳಿಸಿ ಹಾಕುತ್ತದೆ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬ ಭಾವ ಜನರಲ್ಲಿ ಮೂಡಿದ್ದು ಇಲ್ಲಿಂದ. ಸ್ನ್ಯಾಪ್ ಎಂದರೆ ಒತ್ತಿ ಕಿರಿದಾಗಿಸಿದ ಒಂದು ಕಡತ, ಅದನ್ನು ಬಿಚ್ಚುತ್ತ ಓಡಬೇಕಾದ್ದರಿಂದ ಮೊದಲ ಸಲ ತೆರೆಯಲು ತಡವಾಗುತ್ತಿತ್ತು. ಪಾಸ್‌ವರ್ಡ್ ಮ್ಯಾನೇಜರ್‌ಗಳ ಜೊತೆ ಮಾತುಕತೆಯೂ ಕಡಿದಿತ್ತು. ವೇಗ ಆಮೇಲೆ ಸುಧಾರಿಸಿದೆ. ಸ್ನ್ಯಾಪ್ ಬೇಡವೆಂದಿದ್ದ ಲಿನಕ್ಸ್ ಮಿಂಟ್ ಎಂಬ ಡಿಸ್ಟ್ರೋ 2022ರಲ್ಲಿ ಮೊಜಿಲ್ಲಾ ಜೊತೆ ನೇರ ಒಪ್ಪಂದ ಮಾಡಿಕೊಂಡಿತು. 2024ರ ಜನವರಿಯಿಂದ ಮೊಜಿಲ್ಲಾ ತನ್ನದೇ ಭಂಡಾರದಲ್ಲಿ ಸ್ಥಿರ ಆವೃತ್ತಿಯ ಡೆಬ್ ಪ್ಯಾಕೇಜ್ ಕೊಡುತ್ತಿದೆ. ಡೆಬಿಯನ್, ಉಬುಂಟು ಬಳಸುವವರಿಗೆ ನಾನು ಹೇಳುವುದು ಇದನ್ನೇ.

ಕ್ರೋಮಿಯಂನ ಸಿಂಕ್ ಪ್ರಶ್ನೆ 2021ರದ್ದು. ಡಿಸ್ಟ್ರೋಗಳು ಕಟ್ಟುವ ಕ್ರೋಮಿಯಂ ಗೂಗಲ್‌ನ ಸಿಂಕ್ ಸೇವೆಯನ್ನು ಬಳಸುವುದನ್ನು ಆ ವರ್ಷದ ಮಾರ್ಚ್ 15ರಿಂದ ನಿಲ್ಲಿಸಲಾಯಿತು. ಕೋಡ್ ಮುಕ್ತವೇ, ಸೇವೆ ಅಲ್ಲ. ಕ್ರೋಮಿಯಂ ಹಾಕಿದರೆ ಕ್ರೋಮ್ ಹಾಕಿದಂತೆಯೇ ಅಂದುಕೊಂಡಿದ್ದವರಿಗೆ ಆಗ ವ್ಯತ್ಯಾಸ ತಿಳಿಯಿತು.

ಇತ್ತೀಚಿನ ಚರ್ಚೆ ಮ್ಯಾನಿಫೆಸ್ಟ್ ವಿ3, ಅಂದರೆ ಕ್ರೋಮ್ ಎಕ್ಸ್‌ಟೆನ್ಶನ್‌ಗಳಿಗೆ ಗೂಗಲ್ ತಂದ ಹೊಸ ನಿಯಮ. ಎಕ್ಸ್‌ಟೆನ್ಶನ್‌ಗಳಿಗೆ ಜಾಲದ ಕೋರಿಕೆಯೊಂದನ್ನು ನಡುವೆಯೇ ತಡೆದು ಪರಿಶೀಲಿಸುವ ಅಧಿಕಾರ ಮೊದಲು ಇತ್ತು. ಹೊಸ ನಿಯಮದಲ್ಲಿ ತಡೆಯಬೇಕಾದವುಗಳ ಪಟ್ಟಿಯನ್ನು ಮುಂಚೆಯೇ ಬ್ರೌಸರಿಗೆ ಕೊಡಬೇಕು, ತಡೆಯುವುದು ಬ್ರೌಸರಿನ ಕೆಲಸ. ಇದರಿಂದ ಸುರಕ್ಷತೆ ಹೆಚ್ಚು ಎಂಬುದು ಒಂದು ವಾದ, ಜಾಹೀರಾತು ತಡೆಯುವವರ ಕೈ ಕಟ್ಟಿದಂತಾಯಿತು ಎಂಬುದು ಇನ್ನೊಂದು. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಶನ್ ಪೂರ್ಣ ರೂಪದಲ್ಲಿ ಫೈರ್‌ಫಾಕ್ಸ್‌ನಲ್ಲಿ ಈಗಲೂ ಓಡುತ್ತದೆ, ಕ್ರೋಮ್‌ನಲ್ಲಿ ಓಡುವುದಿಲ್ಲ. ಒಂದು ಎಂಜಿನ್‌ನಲ್ಲಿ ತೆಗೆದುಕೊಂಡ ತೀರ್ಮಾನ ಹತ್ತು ಹೆಸರಿನ ಬ್ರೌಸರ್‌ಗಳಿಗೆ ತಲೆನೋವಾಗುವುದು ಹೀಗೆ.

ನನ್ನ ಯಂತ್ರದಲ್ಲಿ ದಿನದ ಕೆಲಸಕ್ಕೆ ಫೈರ್‌ಫಾಕ್ಸ್ ಇದೆ, ಹಟ ಹಿಡಿಯುವ ಒಂದೆರಡು ತಾಣಗಳಿಗೆಂದು ಕ್ರೋಮಿಯಂ ಇದೆ. ಲಿನಕ್ಸ್‌ನ ಫೈರ್‌ಫಾಕ್ಸ್ ಈಚೆಗೆ ತುಂಬ ಸುಧಾರಿಸಿದೆ. 2023ರಲ್ಲಿ ಇಂಟೆಲ್ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ವಿಡಿಯೋ ಬಿಡಿಸುವ ಕೆಲಸ ಹಾರ್ಡ್‌ವೇರ್‌ಗೆ ತಾನಾಗಿಯೇ ಹೋಗುವಂತಾಯಿತು, ಲ್ಯಾಪ್‌ಟಾಪ್ ಫ್ಯಾನ್ ಸದ್ದು ಕಡಿಮೆಯಾಯಿತು. ಅದೇ ವರ್ಷದ ಡಿಸೆಂಬರ್‌ನ 121ನೇ ಆವೃತ್ತಿ, ತೆರೆಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಮೇಲೆ ನೇರ ಓಡತೊಡಗಿತು. ಆತಂಕ ಇಲ್ಲವೆಂದಲ್ಲ. ಗೆಕ್ಕೋ ಬದುಕಿರುವುದಕ್ಕೆ ಬೇಕಾದ ದುಡ್ಡಿನ ಬಹುಪಾಲು ಮೊಜಿಲ್ಲಾಗೆ ಬರುವುದು ಗೂಗಲ್ ಹುಡುಕಾಟದ ಒಪ್ಪಂದದಿಂದ. 2020ರ ಆಗಸ್ಟ್‌ನಲ್ಲಿ ಸುಮಾರು 250 ಮಂದಿ ಅಲ್ಲಿ ಕೆಲಸ ಕಳೆದುಕೊಂಡರು. ರಸ್ಟ್ ಭಾಷೆಯಲ್ಲಿ ಹೊಸ ಎಂಜಿನ್ ಬರೆಯುತ್ತಿದ್ದ ಸರ್ವೋ ತಂಡವೂ ಅದರಲ್ಲಿ ಸೇರಿತ್ತು. ಸರ್ವೋ ಈಗ ಲಿನಕ್ಸ್ ಫೌಂಡೇಶನ್ ಯುರೋಪ್ ಆಶ್ರಯದಲ್ಲಿ ಮುಂದುವರಿದಿದೆ.

2024ರ ಜುಲೈಯಲ್ಲಿ ಲೇಡಿಬರ್ಡ್ ಎಂಬ ಬ್ರೌಸರಿಗಾಗಿ ಲಾಭರಹಿತ ಸಂಸ್ಥೆಯೊಂದು ಶುರುವಾಯಿತು. ಸೆರೆನಿಟಿ ಎಂಬ ಹವ್ಯಾಸಿ ಆಪರೇಟಿಂಗ್ ಸಿಸ್ಟಮ್‌ನ ಭಾಗವಾಗಿ ಹುಟ್ಟಿದ್ದು ಅದು. ಎಂಜಿನ್ ಪೂರ್ತಿ ಹೊಸದು, ಬ್ಲಿಂಕ್, ಗೆಕ್ಕೋ, ವೆಬ್‌ಕಿಟ್ ಯಾವುದರ ಕೋಡನ್ನೂ ತೆಗೆದುಕೊಂಡಿಲ್ಲ. 2026ಕ್ಕೆ ಆಲ್ಫಾ ಆವೃತ್ತಿ ಬಿಡುವುದು ಅವರ ಯೋಜನೆ, ಅದೂ ಮೊದಲು ಲಿನಕ್ಸ್ ಮತ್ತು ಮ್ಯಾಕ್‌ಗೆ. ಹೊಸ ಎಂಜಿನ್ ಒಂದಕ್ಕೆ ಈ ಸಲ ಕಾಯಬೇಕಾಗಿ ಬಂದಿರುವುದು ವಿಂಡೋಸ್ ಬಳಕೆದಾರರಿಗೆ.