ಬಾಡಿಗೆ ಮೋಡೆಮ್ ವಾಪಸ್ ಕೊಡುವ ಮುನ್ನ

ಹೋದ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಹಾಸನದ ಕಡೆಯ ಒಂದು ಕುಟುಂಬದ ಮನೆಗೆ ಹೋಗಿದ್ದೆ. ಕಾಫಿ ಕುಡಿದಾದ ಮೇಲೆ ಮನೆಯ ಯಜಮಾನರು ಇಂಟರ್ನೆಟ್ ಬಿಲ್ ತಂದು ಕೈಗಿಟ್ಟರು. "ನಿಮ್ಮದು ಇದೇ ಕೆಲಸ ಅಲ್ವಾ ಸರ್, ಯಾಕೆ ಇಷ್ಟು ಬರ್ತಿದೆ ಸ್ವಲ್ಪ ನೋಡಿ" ಅಂದರು. ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಮೋಡೆಮ್ ಬಾಡಿಗೆ 15 ಡಾಲರ್ ಅಂತ ಇತ್ತು. ಅವರು ಆ ಮನೆಗೆ ಬಂದು ಆರು ವರ್ಷ ಆಗಿತ್ತು. ಮೊದಮೊದಲು ಬಾಡಿಗೆ ಸ್ವಲ್ಪ ಕಡಿಮೆ ಇತ್ತು ಅಂದುಕೊಂಡರೂ ಹತ್ತಿರ ಹತ್ತಿರ ಸಾವಿರ ಡಾಲರ್ ಕಟ್ಟಿದ್ದರು. ಅಷ್ಟು ಕಟ್ಟಿದ ಮೇಲೂ ಆ ಕಪ್ಪು ಡಬ್ಬ ಕಂಪನಿಯದೇ.

ಹನ್ನೆರಡು ವರ್ಷದಿಂದ ಕೇಬಲ್ ಲೈನ್ ಕೆಲಸದಲ್ಲಿದ್ದೇನೆ. ಅಮೆರಿಕಕ್ಕೆ ಬಂದ ನಮ್ಮವರ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಮೊದಲ ದಿನ ಕಂಪನಿಯವರು ಕೊಟ್ಟ ಡಬ್ಬ ಹಾಗೇ ಉಳಿದುಬಿಡುತ್ತದೆ. ಸ್ವಂತದ್ದು ತಗೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಮೋಡೆಮ್ ಬದಲಾಯಿಸಿ ಸುಮ್ಮನೆ ಕೂರಬೇಡಿ, ಗೋಡೆಯಿಂದ ಬರುವ ತಂತಿಯನ್ನೂ ಒಮ್ಮೆ ನೋಡಿ.

ಆ ಡಬ್ಬದೊಳಗೆ ಎರಡು ಸಾಧನ ಇರುತ್ತವೆ. ಕೇಬಲ್ ತಂತಿಯ ಸಿಗ್ನಲ್ ಓದುವುದು ಮೋಡೆಮ್. ಮನೆಯೊಳಗೆ ವೈಫೈ ಹಂಚುವುದು ರೌಟರ್. ಮೋಡೆಮ್ ಒಂದನ್ನೇ ತಂದು ವೈಫೈ ಬರ್ತಾ ಇಲ್ಲ ಅಂತ ಫೋನ್ ಮಾಡುವವರು ಜಾಸ್ತಿ. ಎರಡನ್ನೂ ಬೇರೆ ಬೇರೆ ಕೊಳ್ಳುವುದೇ ವಾಸಿ. ವೈಫೈ ಹಳೆಯದಾದರೆ ರೌಟರ್ ಮಾತ್ರ ಬದಲಾಯಿಸಬಹುದು. ಬೆಂಗಳೂರಿನ ಮನೆಯಲ್ಲೂ ಹೀಗೇ ಮಾಡಬಹುದಾ ಅಂತ ಕೇಳುತ್ತಾರೆ. ಅಲ್ಲಿ ಹೆಚ್ಚಿನ ಮನೆಗಳಿಗೆ ಈಗ ಬರುವುದು ಫೈಬರ್. ಆ ಡಬ್ಬ ಬೇರೆ ಜಾತಿಯದು, ಕೇಬಲ್ ಮೋಡೆಮ್ ಅದರ ಜಾಗದಲ್ಲಿ ಕೂರುವುದಿಲ್ಲ.

ಕೊಳ್ಳುವಾಗ ಡಾಕ್ಸಿಸ್ 3.1 ಅಂತ ಬರೆದಿರುವುದನ್ನೇ ನೋಡಿ. ಕೇಬಲ್ ಮೇಲೆ ಇಂಟರ್ನೆಟ್ ಸಾಗಿಸುವ ನಿಯಮಗಳ ಹೆಸರು ಅದು. 3.1 ಬಂದದ್ದು 2013ರಲ್ಲಿ, ಅದರ ಹಿಂದಿನ 3.0 ಬಂದದ್ದು 2006ರಲ್ಲಿ. 3.0 ಮೋಡೆಮ್‌ಗಳು ಅಗ್ಗಕ್ಕೆ ಸಿಗುತ್ತವೆ, ಇವತ್ತು ಅದಕ್ಕೆ ದುಡ್ಡು ಹಾಕಬೇಡಿ. ಮಾದರಿಯ ಹೆಸರು ನಿಮ್ಮ ಕಂಪನಿ ಒಪ್ಪಿದ ಪಟ್ಟಿಯಲ್ಲಿ ಇರಲೇಬೇಕು. ಮೋಡೆಮ್ ಆನ್ ಆದ ಕೂಡಲೇ ಕಂಪನಿಯಿಂದ ಒಂದು ಫೈಲ್ ಇಳಿಸಿಕೊಳ್ಳುತ್ತದೆ. ನಿಮಗೆ ಎಷ್ಟು ಸ್ಪೀಡ್ ಸಿಗಬೇಕು ಅನ್ನುವುದು ಆ ಫೈಲಿನಲ್ಲೇ ಬರೆದಿರುತ್ತದೆ. ಹಾಗಾಗಿ ದುಬಾರಿ ಮೋಡೆಮ್ ತಂದ ಮಾತ್ರಕ್ಕೆ ಪ್ಲಾನಿಗಿಂತ ಜಾಸ್ತಿ ಸ್ಪೀಡ್ ಬರುವುದಿಲ್ಲ. ಅಪ್‌ಲೋಡ್ ವಿಷಯವನ್ನೂ ಕೇಳಿಕೊಳ್ಳಿ. ಹಿಂದೆಲ್ಲ ಅಪ್‌ಲೋಡ್‌ಗೆ, ಅಂದರೆ ಮನೆಯಿಂದ ಹೊರಗೆ ಕಳಿಸುವುದಕ್ಕೆ, ತಂತಿಯಲ್ಲಿ 42 ಮೆಗಾಹರ್ಟ್ಸ್‌ವರೆಗಿನ ಜಾಗ ಮಾತ್ರ ಇತ್ತು. ಈಗ ಎಷ್ಟೋ ಕಡೆ 85ರವರೆಗೆ ಅಗಲ ಮಾಡಿದ್ದಾರೆ. ಇದನ್ನು ಮಿಡ್ ಸ್ಪ್ಲಿಟ್ ಅನ್ನುತ್ತಾರೆ. ಹಳೇ ಮೋಡೆಮ್‌ಗೆ ಈ ಹೊಸ ಜಾಗ ಕಾಣುವುದೇ ಇಲ್ಲ.

ಒಳ್ಳೇ 3.1 ಮೋಡೆಮ್‌ಗೆ 150ರಿಂದ 200 ಡಾಲರ್ ಇಟ್ಟುಕೊಳ್ಳಿ, ರೌಟರ್ ಬೇರೆ. ಒಂದೂವರೆ, ಎರಡು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದೆ. ವರ್ಷದೊಳಗೆ ಊರು ಬದಲಿಸುವವರಿಗೆ ಬಾಡಿಗೆಯೇ ಸರಿ. ಕೆಲವು ಕಂಪನಿಗಳು ಮೋಡೆಮ್ ಪುಕ್ಕಟೆ ಕೊಡುತ್ತವೆ, ಅಲ್ಲಿ ಉಳಿತಾಯ ಏನೂ ಇಲ್ಲ. ಅದೇ ಡಬ್ಬದಿಂದ ಮನೆಯ ಲ್ಯಾಂಡ್‌ಲೈನ್ ನಡೆಯುತ್ತಿದ್ದರೆ ಫೋನ್ ಪೋರ್ಟ್ ಇರುವ ಮೋಡೆಮ್ಮೇ ಬೇಕು. ಅನ್‌ಲಿಮಿಟೆಡ್ ಡೇಟಾವನ್ನು ಬಾಡಿಗೆ ಡಬ್ಬದ ಜೊತೆ ಕಟ್ಟಿಹಾಕಿದ ಪ್ಲಾನ್‌ಗಳೂ ಇವೆ. ಮೊದಲೇ ಫೋನ್ ಮಾಡಿ ಕೇಳಿ.

ಹಾಸನದವರ ಮನೆಯಲ್ಲಿ ಹೊಸ ಮೋಡೆಮ್ ಸಿಕ್ಕಿಸಿದೆವು. ಕಂಪನಿಯ ಆ್ಯಪ್‌ನಲ್ಲಿ ಮ್ಯಾಕ್ ನಂಬರ್, ಅಂದರೆ ಸಾಧನದ ಗುರುತಿನ ಸಂಖ್ಯೆ ಹಾಕಬೇಕು. ಡಬ್ಬದ ತಳದ ಚೀಟಿಯಲ್ಲಿ ಒಂದಕ್ಕಿಂತ ಹೆಚ್ಚು ನಂಬರ್ ಇರುವುದುಂಟು, ಕೇಬಲ್ ಮೋಡೆಮ್‌ನದ್ದೇ ಹಾಕಿ. ಹದಿನೈದು ನಿಮಿಷಕ್ಕೆ ಆನ್‌ಲೈನ್ ದೀಪ ಹತ್ತಿತು. ಹೊಸ ರೌಟರ್‌ಗೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಅನ್ನೇ ಕೊಟ್ಟೆವು. ಟಿವಿ, ಪ್ರಿಂಟರ್, ಅಜ್ಜಿಯ ಟ್ಯಾಬ್ ಎಲ್ಲ ತಾವಾಗೇ ಸೇರಿಕೊಂಡವು. ಎಲ್ಲರೂ ಎದ್ದು ಹೊರಟರು. ನಾನು ಕೂರಿಸಿದೆ.

ಬ್ರೌಸರ್‌ನಲ್ಲಿ 192.168.100.1 ಅಂತ ಹೊಡೆದರೆ ಮೋಡೆಮ್‌ನ ಸ್ವಂತ ಪುಟ ತೆರೆಯುತ್ತದೆ. ಅದರಲ್ಲಿ ಮೂರು ಸಂಗತಿ ನೋಡಿ. ಒಳಗೆ ಬರುವ ಸಿಗ್ನಲ್‌ನ ಬಲ (ಪುಟದಲ್ಲಿ dBmV ಅನ್ನುವ ಅಳತೆ) ಸೊನ್ನೆಯ ಆಚೀಚೆ 7ರೊಳಗೆ ಇದ್ದರೆ ಚೆನ್ನ. ಮೋಡೆಮ್ ವಾಪಸ್ ಕಳಿಸುವ ಬಲ 35ರಿಂದ 49ರೊಳಗೆ ಇರಲಿ. ಸರಿಪಡಿಸಲಾಗದ ತಪ್ಪುಗಳ ಎಣಿಕೆ ನೋಡನೋಡುತ್ತಾ ಏರಬಾರದು. ಇಲ್ಲಿ ಒಳಗೆ ಬರುವುದು ಮೈನಸ್ 13 ಇತ್ತು, ವಾಪಸ್ ಹೋಗುವುದು 51. ಮೋಡೆಮ್ ಗಂಟಲು ಹರಿದುಕೊಂಡು ಕೂಗುತ್ತಿತ್ತು. ಆರು ವರ್ಷದಿಂದ ಸಂಜೆ ಹೊತ್ತು ವಿಡಿಯೋ ಕಾಲ್ ಕತ್ತರಿಸುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತು.

ಟಿವಿ ಬೀರು ಮುಂದಕ್ಕೆ ಎಳೆದೆವು. ಹಿಂದೆ ಧೂಳು ಹಿಡಿದ ಸ್ಪ್ಲಿಟರ್ ಒಂದು, ಅಂದರೆ ಒಂದು ತಂತಿಯ ಸಿಗ್ನಲ್ಲನ್ನು ಮೂರು ದಾರಿಗೆ ಹಂಚುವ ಸಣ್ಣ ಡಬ್ಬಿ, ಸ್ಕರ್ಟಿಂಗ್ ಮೇಲೆ ನೇತಾಡುತ್ತಿತ್ತು. ಯಾವ ಕಾಲದ ಕೇಬಲ್ ಟಿವಿಗೋ ಹಾಕಿದ್ದು. ಎರಡು ಬಾಯಿ ಖಾಲಿ. ಅಂಥ ಸ್ಪ್ಲಿಟರ್‌ನಲ್ಲಿ ಒಂದು ಬಾಯಿಗೆ ಸುಮಾರು 3.5 ಡೆಸಿಬೆಲ್, ಉಳಿದ ಎರಡಕ್ಕೆ 7 ಡೆಸಿಬೆಲ್ ನಷ್ಟ. ಮೋಡೆಮ್ ತಂತಿ ಇದ್ದದ್ದು 7ರ ಬಾಯಲ್ಲಿ. ಅದೂ ಬೆರಳಲ್ಲೇ ತಿರುಗುವಷ್ಟು ಸಡಿಲ. ಬಿಚ್ಚಿದರೆ ನಡುವಿನ ತಾಮ್ರದ ಕಡ್ಡಿ ಕಪ್ಪಾಗಿತ್ತು. ಸ್ಪ್ಲಿಟರ್ ಕಿತ್ತು, ತುದಿಗೆ ಹೊಸ ಕನೆಕ್ಟರ್ ಹಾಕಿ, ಎರಡು ತಂತಿ ನೇರ ಜೋಡಿಸುವ ಸಣ್ಣ ಕೊಳವೆ ಸಿಕ್ಕಿಸಿದೆ. ಪುಟ ಮತ್ತೆ ತೆರೆದಾಗ ಮೈನಸ್ 5 ಮತ್ತು 43. ತಪ್ಪುಗಳ ಎಣಿಕೆ ನಿಂತಿತ್ತು.

ಹೀಗೆ ನೇರ ಜೋಡಿಸಿದ ಮೇಲೂ ಅಂಕಿ ಕೆಟ್ಟದಾಗೇ ಇದ್ದರೆ ತೊಂದರೆ ಹೊರಗಿನ ಲೈನಿನಲ್ಲಿರಬಹುದು, ಅದನ್ನು ಸರಿಮಾಡಬೇಕಾದ್ದು ಕಂಪನಿ. ಆದರೆ ಸ್ವಂತ ಮೋಡೆಮ್ ಇದ್ದರೆ ಅವರು ಮೊದಲು ಅದರ ಮೇಲೇ ಬೆರಳು ತೋರಿಸುತ್ತಾರೆ. ಅದಕ್ಕೇ ಬಾಡಿಗೆ ಡಬ್ಬ ತೆಗೆಯುವ ಮೊದಲು ಅದರ ಸಿಗ್ನಲ್ ಪುಟದ ಫೋಟೋ ಹಿಡಿದಿಟ್ಟುಕೊಳ್ಳಿ. ಎರಡೂ ಡಬ್ಬದಲ್ಲಿ ಒಂದೇ ಅಂಕಿ ಬಂದರೆ ಅವರು ವಾದ ಮಾಡುವಂತಿಲ್ಲ.

ಹಳೇ ಡಬ್ಬವನ್ನು ಒಂದು ವಾರ ಇಟ್ಟುಕೊಂಡು, ಎಲ್ಲ ಸರಿ ಇದೆ ಅಂದಮೇಲೆ ಅಡಾಪ್ಟರ್ ಸಮೇತ ಅಂಗಡಿಗೆ ಕೊಡಿ. ರಸೀದಿಯಲ್ಲಿ ಸೀರಿಯಲ್ ನಂಬರ್ ಇದೆಯಾ ನೋಡಿ, ಅಲ್ಲೇ ಫೋಟೋ ತೆಗೆಯಿರಿ. ಆ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಮಾಸುತ್ತದೆ. 2020ರ ಡಿಸೆಂಬರ್ 20ರಿಂದ ಅಮೆರಿಕದಲ್ಲಿ ಜಾರಿಯಲ್ಲಿರುವ ಕಾನೂನಿನ ಪ್ರಕಾರ ವಾಪಸ್ ಕೊಟ್ಟ ದಿನದ ನಂತರ ಆ ಡಬ್ಬಕ್ಕೆ ಬಾಡಿಗೆ ಕೇಳುವಂತಿಲ್ಲ. ಆದರೂ ಹಾಸನದವರ ಮುಂದಿನ ಬಿಲ್ಲಿನಲ್ಲಿ ಅದೇ 15 ಡಾಲರ್ ಬಂತು. ಯಜಮಾನರು ಫೋನ್ ಮಾಡಿ, ವಾಪಸ್ ಕೊಟ್ಟ ತಾರೀಕು, ಸೀರಿಯಲ್ ನಂಬರ್ ಎರಡನ್ನೂ ಫೋಟೋ ನೋಡಿ ಓದಿದರು. ಅದರ ಮುಂದಿನ ಬಿಲ್ಲಿನಲ್ಲಿ ಆ ಸಾಲು ಹೋಗಿತ್ತು, ಕಟ್ಟಿದ 15 ಡಾಲರ್ ಜಮಾ ಆಗಿತ್ತು.